ರೈತನ ಲೆಕ್ಕ ಬರೆದ ಅರ್ಥಶಾಸ್ತ್ರಜ್ಞ: ಪ್ರೊ. ಎ. ಎಂ. ಖುಸ್ರೋ



ಖುಸ್ರೋ ಎಂಬ ಹೆಸರು ಕೇಳಿದೊಡನೆ ನಮಗೆಲ್ಲ ನೆನಪಾಗುವವರು ದೆಹಲಿಯ ಮಹಾಕವಿ ಹಜರತ್ ಅಮೀರ್ ಖುಸ್ರೋ. ಅದೇ ಹೆಸರಿನ ಇನ್ನೊಬ್ಬ ಮಹನೀಯರು ನಮಗೆ ತೀರ ಹತ್ತಿರದ ಕಾಲದಲ್ಲಿ ಬಾಳಿದರು. ನಮ್ಮ ಕಲಬುರಗಿ, ಬೀದರ್, ರಾಯಚೂರು, ಕೊಪ್ಪಳದ ಹೊಲಗಳು ಸೇರಿದ್ದ ಸಂಸ್ಥಾನದ ಭೂಮಿಯ ಚರಿತ್ರೆಯನ್ನು ಅವರು ಬರೆದರು. ಅವರೇ ಪ್ರೊಫೆಸರ್ ಅಲಿ ಮುಹಮ್ಮದ್ ಖುಸ್ರೋ (1925-2003). ಉಸ್ಮಾನಿಯಾ ವಿಶ್ವವಿದ್ಯಾಲಯದ ಅಧ್ಯಾಪಕರಾಗಿ, ದೆಹಲಿಯ ಆರ್ಥಿಕ ಅಭಿವೃದ್ಧಿ ಸಂಸ್ಥೆಯ ನಿರ್ದೇಶಕರಾಗಿ, ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಕುಲಪತಿಯಾಗಿ, ಯೋಜನಾ ಆಯೋಗದ ಸದಸ್ಯರಾಗಿ, ಜರ್ಮನಿಯಲ್ಲಿ ಭಾರತದ ರಾಯಭಾರಿಯಾಗಿ, ಕೊನೆಗೆ ಹನ್ನೊಂದನೆಯ ಹಣಕಾಸು ಆಯೋಗದ ಅಧ್ಯಕ್ಷರಾಗಿ ಅವರು ದುಡಿದರು.

ಇಷ್ಟೊಂದು ಹುದ್ದೆಗಳ ಪಟ್ಟಿ ಓದಿದಾಗ ಮನಸ್ಸಿಗೆ ಹೆಮ್ಮೆಯೆನಿಸುತ್ತದೆ, ನಿಜ. ಆದರೆ ಹುದ್ದೆಗಳು ಬರುತ್ತವೆ, ಹೋಗುತ್ತವೆ. ಖುಸ್ರೋ ಅವರನ್ನು ನಾವು ನೆನೆಯಬೇಕಾದುದು ಅವರು ತಮ್ಮ ಮೂವತ್ತರ ಆಸುಪಾಸಿನ ವಯಸ್ಸಿನಲ್ಲಿ ಮಾಡಿದ ಒಂದು ಕೆಲಸಕ್ಕಾಗಿ. ಸರ್ಕಾರ ಒಂದು ಒಳ್ಳೆಯ ಕಾನೂನು ಮಾಡಿದ ಮೇಲೆ ಹಳ್ಳಿಯಲ್ಲಿ ನಿಜವಾಗಿ ಏನಾಯಿತು ಎಂದು ಅವರು ಎಣಿಸಿ ನೋಡಿದರು. ಆ ಎಣಿಕೆಯ ಕಥೆಯೇ ಈ ಲೇಖನದ ಮುಖ್ಯ ವಿಷಯ.

ನಿಜಾಮರ ನಾಡಿನ ಮೂರು ಬಗೆಯ ಭೂಮಿ

ಮೊದಲು ಹಿನ್ನೆಲೆಯನ್ನು ತಿಳಿಯೋಣ. ಹಳೆಯ ಹೈದರಾಬಾದ್ ಸಂಸ್ಥಾನದಲ್ಲಿ ತೆಲುಗು, ಮರಾಠಿ, ಕನ್ನಡ ಮೂರೂ ಭಾಷೆಗಳ ಜಿಲ್ಲೆಗಳಿದ್ದವು. ಅಲ್ಲಿನ ಭೂಮಿಯನ್ನು ಸ್ಥೂಲವಾಗಿ ಮೂರು ಭಾಗ ಮಾಡಬಹುದು. ನೂರರಲ್ಲಿ ಸುಮಾರು 60 ಪಾಲು ಸರ್ಕಾರವೇ ನೇರವಾಗಿ ಕಂದಾಯ ವಸೂಲು ಮಾಡುತ್ತಿದ್ದ ದಿವಾನಿ ಅಥವಾ ಖಾಲ್ಸಾ ಭೂಮಿ. ಸುಮಾರು 10 ಪಾಲು ನಿಜಾಮರ ಖಾಸಗಿ ಖರ್ಚಿಗೆಂದು ಮೀಸಲಾದ ಸರ್ಫ್-ಎ-ಖಾಸ್. ಉಳಿದ 30 ಪಾಲಿನಷ್ಟು ಜಾಗೀರು.

ಜಾಗೀರು ಎಂಬುದು ಫಾರಸಿ ಪದ. 'ಜಾ' ಎಂದರೆ ಸ್ಥಳ, 'ಗೀರ್' ಎಂದರೆ ಹಿಡಿದವನು. ಸೇವೆಗೆ ಅಥವಾ ಗೌರವಕ್ಕೆ ಪ್ರತಿಯಾಗಿ ಅರಸನು ಒಬ್ಬ ಸರದಾರನಿಗೆ ಕೆಲವು ಹಳ್ಳಿಗಳ ಕಂದಾಯವನ್ನು ಬಿಟ್ಟುಕೊಡುತ್ತಿದ್ದನು. ಇಂದಿನ ಕೊಪ್ಪಳ ಮತ್ತು ಯಲಬುರ್ಗಾ ಭಾಗ ಸಾಲಾರ್ ಜಂಗ್ ಮನೆತನದ ಜಾಗೀರಾಗಿತ್ತು. ದೊಡ್ಡ ಜಾಗೀರುಗಳಲ್ಲಿ ಕಂದಾಯದ ಜೊತೆಗೆ ಪೊಲೀಸು, ನ್ಯಾಯದಾನವೂ ಜಾಗೀರುದಾರನ ಕೈಯಲ್ಲೇ ಇರುತ್ತಿತ್ತು. ಪಕ್ಕದ ದಿವಾನಿ ಗ್ರಾಮಕ್ಕಿಂತ ಜಾಗೀರು ಗ್ರಾಮದ ರೈತ ಹೆಚ್ಚು ಕಂದಾಯ ಕೊಡಬೇಕಾಗುತ್ತಿದ್ದುದು ಸಾಮಾನ್ಯ ಸಂಗತಿ. ಬಿಟ್ಟಿ ಚಾಕರಿಯೂ ಇತ್ತು. ಜಾಗೀರುದಾರರೆಲ್ಲ ಒಂದೇ ಕೋಮಿನವರೆಂದು ಯಾರೂ ಭಾವಿಸಬಾರದು. ಮುಸ್ಲಿಂ ಅಮೀರರೂ ಇದ್ದರು, ಮಹಾರಾಜಾ ಕಿಶನ್ ಪ್ರಸಾದರಂತಹ ಹಿಂದೂ ಮನೆತನಗಳೂ ಇದ್ದವು. ಅವರ ಕೈಕೆಳಗೆ ಉಳುವ ರೈತರೂ ಎಲ್ಲ ಜಾತಿ ಮತಗಳವರಾಗಿದ್ದರು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತದಲ್ಲಿ ವಿಲೀನವಾಯಿತು. ಮರುವರ್ಷ, ಅಂದರೆ 1949ರ ಆಗಸ್ಟ್ 15ರಂದು, ಜಾಗೀರು ರದ್ದತಿಯ ಆದೇಶ ಹೊರಬಿತ್ತು. ಜಾಗೀರುಗಳೆಲ್ಲ ದಿವಾನಿಯೊಳಗೆ ಸೇರಿದವು. ಜಾಗೀರುದಾರರಿಗೆ ಪರಿಹಾರದ ಹಣ ಗೊತ್ತುಮಾಡಲಾಯಿತು. ಅದರ ಬೆನ್ನಿಗೇ 1950ರಲ್ಲಿ ಹೈದರಾಬಾದ್ ಗೇಣಿ ಮತ್ತು ಕೃಷಿ ಭೂಮಿ ಕಾಯಿದೆ ಬಂತು. ಅನೇಕ ವರ್ಷಗಳಿಂದ ಒಂದೇ ಹೊಲವನ್ನು ಉಳುತ್ತ ಬಂದ ಗೇಣಿದಾರನಿಗೆ ಈ ಕಾಯಿದೆಯು 'ರಕ್ಷಿತ ಗೇಣಿದಾರ' ಎಂಬ ಸ್ಥಾನ ಕೊಟ್ಟಿತು. ಅವನನ್ನು ಮನಬಂದಂತೆ ಎಬ್ಬಿಸುವಂತಿಲ್ಲ. ಗೊತ್ತಾದ ಬೆಲೆ ಕೊಟ್ಟು ಆ ಭೂಮಿಯನ್ನು ಕೊಳ್ಳುವ ಹಕ್ಕೂ ಅವನಿಗುಂಟು. ಆ ಕಾಲಕ್ಕೆ ಇದು ದೇಶದಲ್ಲೇ ಮುಂದುವರಿದ ಕಾನೂನುಗಳಲ್ಲಿ ಒಂದೆಂದು ಹೆಸರಾಗಿತ್ತು. ತೆಲಂಗಾಣದ ರೈತ ಹೋರಾಟದ ಬಿಸಿ ಇನ್ನೂ ಆರಿರಲಿಲ್ಲ. ವಿನೋಬಾ ಭಾವೆಯವರ ಭೂದಾನ ಚಳವಳಿ ಹುಟ್ಟಿದ್ದೂ ಇದೇ ಸಂಸ್ಥಾನದ ಪೋಚಂಪಲ್ಲಿಯಲ್ಲಿ, 1951ರ ಏಪ್ರಿಲ್‌ನಲ್ಲಿ.

ಕಾಗದದ ಕಾನೂನು, ಹಳ್ಳಿಯ ಸತ್ಯ

ಹೈದರಾಬಾದಿನವರಾದ ಖುಸ್ರೋ ಅವರು ಆಗ ಉಸ್ಮಾನಿಯಾದಲ್ಲಿ ಅರ್ಥಶಾಸ್ತ್ರ ಬೋಧಿಸುತ್ತಿದ್ದ ತರುಣರು. ಹಳೆಯ ಹೈದರಾಬಾದಿನ ವೈಭವವು ಕಣ್ಣೆದುರೇ ಕರಗಿಹೋದ ಕಾಲವದು. ಹೋದುದಕ್ಕಾಗಿ ಮರುಗಿದವರೂ ಇದ್ದರು, ಹೊಸತನ್ನು ಹಾಡಿ ಹೊಗಳಿದವರೂ ಇದ್ದರು. ಖುಸ್ರೋ ಅವರು ಮೂರನೆಯ ದಾರಿ ಹಿಡಿದರು. ಜಾಗೀರು ರದ್ದತಿ ಮತ್ತು ಭೂ ಸುಧಾರಣೆಯಿಂದ ಹೈದರಾಬಾದಿನಲ್ಲಿ ಆದ ಆರ್ಥಿಕ ಹಾಗೂ ಸಾಮಾಜಿಕ ಪರಿಣಾಮಗಳನ್ನು ಹಳ್ಳಿಗಳ ಸಮೀಕ್ಷೆಯ ಮೂಲಕ ಅಧ್ಯಯನ ಮಾಡಿದರು. ಆ ಗ್ರಂಥವನ್ನು ಉಸ್ಮಾನಿಯಾ ವಿಶ್ವವಿದ್ಯಾಲಯವು 1958ರಲ್ಲಿ ಪ್ರಕಟಿಸಿತು.

ಅದರಲ್ಲಿ ಅವರು ಕೇಳಿದ ಪ್ರಶ್ನೆ ಬಹು ಸರಳ. 1951ರ ಸುಮಾರಿಗೆ ರಕ್ಷಿತ ಗೇಣಿದಾರರೆಂದು ದಾಖಲಾದವರು ಕೆಲವು ವರ್ಷಗಳ ನಂತರ ಎಲ್ಲಿದ್ದಾರೆ? ಉತ್ತರ ಹೀಗಿತ್ತು. ನೂರು ಮಂದಿಯಲ್ಲಿ ಸುಮಾರು 45 ಜನ ರಕ್ಷಿತ ಗೇಣಿದಾರರಾಗಿಯೇ ಉಳಿದಿದ್ದರು. ಸುಮಾರು 12 ಜನ ಭೂಮಿಯನ್ನು ಕೊಂಡು ಮಾಲೀಕರಾಗಿದ್ದರು. ಎರಡು ಮೂರು ಜನ ಕಾನೂನಿನ ಪ್ರಕಾರವೇ ಭೂಮಿ ಕಳೆದುಕೊಂಡಿದ್ದರು. ಸುಮಾರು 22 ಜನರನ್ನು ಕಾನೂನಿಗೆ ವಿರುದ್ಧವಾಗಿ ಎಬ್ಬಿಸಲಾಗಿತ್ತು. ಉಳಿದ 17-18 ಜನ 'ಸ್ವಂತ ಇಚ್ಛೆಯಿಂದ' ಭೂಮಿ ಬಿಟ್ಟುಕೊಟ್ಟಿದ್ದರು.

ಓದುಗರೇ, ಈ ಕೊನೆಯ ಸಾಲಿನ ಮೇಲೆ ಸ್ವಲ್ಪ ನಿಲ್ಲಿ. ಹೊಲವೇ ಜೀವ ಎನ್ನುವ ರೈತನು, ಅದೂ ಕಾನೂನು ತನ್ನ ಕಡೆಗೆ ನಿಂತಿರುವ ಹೊತ್ತಿನಲ್ಲಿ, ತಾನಾಗಿಯೇ ಹೊಲವನ್ನು ಬಿಟ್ಟುಕೊಡುವನೇ? ಬಿಟ್ಟುಕೊಡುವ ಕಾಗದಕ್ಕೆ ನಮ್ಮ ಕಂದಾಯದ ಭಾಷೆಯಲ್ಲಿ ರಾಜೀನಾಮೆ ಎನ್ನುವ ರೂಢಿಯುಂಟು. ಉರ್ದು ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. 'ರಾಜೀ' ಎಂದರೆ ಒಪ್ಪಿದ, ಸಂತುಷ್ಟನಾದ. 'ನಾಮಾ' ಎಂದರೆ ಪತ್ರ. ಒಪ್ಪಿ ಬರೆದುಕೊಟ್ಟ ಪತ್ರವೇ ರಾಜೀನಾಮೆ. ಕಾಗದದ ಮೇಲೆ ಹೆಬ್ಬೆಟ್ಟಿನ ಗುರುತಿದೆ. ಆದರೆ ಅದರಲ್ಲಿ ರಾಜೀ ಎಷ್ಟಿತ್ತು?

ಖುಸ್ರೋ ಅವರು ಈ ಮಾತನ್ನು ಹಾಗೆಯೇ ನಂಬಲಿಲ್ಲ. ಕಚೇರಿಯ ಕಡತ ನೋಡುವವನಿಗೆ 'ಸ್ವಂತ ಇಚ್ಛೆ' ಎಂಬುದು ಒಂದು ಕಲಮು ಮಾತ್ರ. ಹಳ್ಳಿಯಲ್ಲಿ ನಿಂತು ನೋಡಿದವನಿಗೆ ಬೇರೆಯೇ ಚಿತ್ರ ಕಾಣುತ್ತದೆ. ಗೇಣಿದಾರನು ಬೀಜಕ್ಕೂ ಸಾಲಕ್ಕೂ ಅದೇ ಒಡೆಯನ ಮನೆಯ ಬಾಗಿಲಿಗೆ ಹೋಗಬೇಕು. ಮಗಳ ಮದುವೆಗೆ ಅವನೇ ದಿಕ್ಕು. ಗೇಣಿ ಕೊಟ್ಟದ್ದಕ್ಕೆ ರಸೀದಿ ಇಲ್ಲ. ಪಹಣಿ ಬರೆಯುವ ಪಟವಾರಿಯು ಒಡೆಯನ ಮಾತು ಮೀರುವವನಲ್ಲ. ತನಗೆ ಇಂಥ ಹಕ್ಕಿದೆ ಎಂಬುದೇ ಎಷ್ಟೋ ಜನರಿಗೆ ತಿಳಿದಿರಲಿಲ್ಲ. ಇಂತಹ ಸ್ಥಿತಿಯಲ್ಲಿ ಕೊಟ್ಟ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲಾಗದು. ಕಾನೂನುಬಾಹಿರವಾಗಿ ಎಬ್ಬಿಸಲ್ಪಟ್ಟ 22 ಜನರನ್ನೂ ಈ ರಾಜೀನಾಮೆಯವರನ್ನೂ ಕೂಡಿಸಿದರೆ ನೂರಕ್ಕೆ ಸುಮಾರು 40 ಜನ. ಯಾರ ರಕ್ಷಣೆಗೆಂದು ಕಾನೂನು ಬಂತೋ ಅವರಲ್ಲಿ ಹತ್ತಿರಹತ್ತಿರ ಅರ್ಧ ಜನ ಕಾನೂನು ಬಂದ ಮೇಲೆಯೇ ಭೂಮಿ ಕಳೆದುಕೊಂಡರು!

ಹಾಗೆಂದು ಕಾನೂನು ಸಂಪೂರ್ಣ ಸೋತಿತೆಂದೂ ಹೇಳಲಾಗದು. ಜಾಗೀರು ಪದ್ಧತಿ ಅಳಿಯಿತು. ನೂರಕ್ಕೆ 12 ಜನ ಮಾಲೀಕರಾದದ್ದು ಸಣ್ಣ ಮಾತಲ್ಲ. ಈ ಅಂಕಿಗಳನ್ನೂ ಮುಚ್ಚಿಡದೆ, ಆ ಅಂಕಿಗಳನ್ನೂ ಮುಚ್ಚಿಡದೆ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟರಲ್ಲ, ಅದೇ ಖುಸ್ರೋ ಅವರ ಪ್ರಾಮಾಣಿಕತೆ.

ನಮ್ಮ ರಾಜ್ಯಕ್ಕೆ ಇದರ ಪಾಠ

ಇದೇ ಕಾಲದಲ್ಲಿ ಪುಣೆಯ ಗೋಖಲೆ ಸಂಸ್ಥೆಯ ವಿ. ಎಂ. ದಾಂಡೇಕರ್ ಮತ್ತು ಖುದಾನ್‌ಪುರ್ ಅವರು ಮುಂಬೈ ಪ್ರಾಂತ್ಯದ 1948ರ ಗೇಣಿ ಕಾಯಿದೆಯನ್ನು ಕುರಿತು ಅಧ್ಯಯನ ನಡೆಸಿ 1957ರಲ್ಲಿ ಪ್ರಕಟಿಸಿದರು. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಆ ಪ್ರಾಂತ್ಯದಲ್ಲಿದ್ದವು. ಅಲ್ಲಿಯೂ ಕಂಡುಬಂದದ್ದು ಇದೇ ರಾಜೀನಾಮೆಗಳ ಸಾಲು. 1956ರ ನವೆಂಬರ್ 1ರಂದು ಕನ್ನಡ ಜಿಲ್ಲೆಗಳೆಲ್ಲ ಒಂದಾದವು. ಹೊಸ ರಾಜ್ಯದ ಭೂ ಸುಧಾರಣಾ ಕಾಯಿದೆ 1961ರಲ್ಲಿ ಆಯಿತು, ಜಾರಿಗೆ ಬಂದದ್ದು 1965ರಲ್ಲಿ. ದೇವರಾಜ ಅರಸರ ಸರ್ಕಾರ ಅದಕ್ಕೆ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಯಾಯಿತು.

1974ರ ತಿದ್ದುಪಡಿಯ ವಿಶೇಷವೇನು? ಗೇಣಿ ಭೂಮಿಯೆಲ್ಲ ಮೊದಲು ಸರ್ಕಾರದ ವಶಕ್ಕೆ ಬಂತು. ಗೇಣಿದಾರನು ಒಡೆಯನ ಮುಂದೆ ಕೈಚಾಚದೆ ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿದರೆ ಭೂ ನ್ಯಾಯಮಂಡಳಿ ಅದನ್ನು ವಿಚಾರಣೆ ಮಾಡಿ ಹಕ್ಕು ಕೊಡಬೇಕಿತ್ತು. ಒಡೆಯ ಮತ್ತು ಗೇಣಿದಾರ ಇಬ್ಬರನ್ನೇ ಎದುರುಬದುರು ಕೂರಿಸಿ 'ನೀವೇ ರಾಜಿಯಾಗಿ' ಎಂದರೆ ಬಲವಿದ್ದವನೇ ಗೆಲ್ಲುತ್ತಾನೆ ಎಂಬುದು ಅಷ್ಟರಲ್ಲಿ ಎಲ್ಲರಿಗೂ ಮನವರಿಕೆಯಾಗಿತ್ತು. ಖುಸ್ರೋ ಅವರ ಒಂದು ಪುಸ್ತಕದಿಂದಲೇ ಇದು ಆಯಿತೆಂದರೆ ಅತಿಶಯೋಕ್ತಿ. ಆದರೆ ಈ ಪಾಠವನ್ನು ದೇಶಕ್ಕೆ ಅಂಕಿಗಳ ಸಹಿತ ಕಲಿಸಿದ ಮೊದಲಿಗರಲ್ಲಿ ಅವರೊಬ್ಬರು.

ಆ ಕಾನೂನಿನ ಫಲ ಕರಾವಳಿ ಜಿಲ್ಲೆಗಳ ಗೇಣಿದಾರರಿಗೆ ದಕ್ಕಿದಷ್ಟು ನಮ್ಮ ಹೈದರಾಬಾದ್ ಕರ್ನಾಟಕದವರಿಗೆ ದಕ್ಕಲಿಲ್ಲ. ಅದಕ್ಕೆ ಕಾರಣಗಳು ಹಲವು. ಆದರೆ ಇಪ್ಪತ್ತು ವರ್ಷ ಮೊದಲೇ ಹೊಲ ಬಿಟ್ಟು ಎದ್ದುಹೋದವನ ಹೆಸರು 1974ರಲ್ಲಿ ಯಾವ ಪಹಣಿಯಲ್ಲಿ ಸಿಕ್ಕೀತು? ಅರ್ಜಿ ಹಾಕಲು ಅವನ ಮಕ್ಕಳಿಗೆ ಆಧಾರವಾದರೂ ಏನಿತ್ತು? ಇಂದು ಕಲ್ಯಾಣ ಕರ್ನಾಟಕವೆಂದು ಕರೆಯುವ ಈ ಭಾಗದ ಬಡತನದ ಕಾರಣ ಹುಡುಕುವವರು ಈ ಹಳೆಯ ಲೆಕ್ಕವನ್ನೂ ಒಮ್ಮೆ ತೆರೆದು ನೋಡಬೇಕು.

ಎಷ್ಟು ಹೊಲವಿದ್ದರೆ ಸಾಕು?

ಹೈದರಾಬಾದಿನಿಂದ ಖುಸ್ರೋ ಅವರು ದೆಹಲಿಗೆ ಹೋದರು. ಅಲ್ಲಿನ ಆರ್ಥಿಕ ಅಭಿವೃದ್ಧಿ ಸಂಸ್ಥೆಯನ್ನು ಕಟ್ಟಿದವರು ಡಾ. ವಿ. ಕೆ. ಆರ್. ವಿ. ರಾವ್. ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾದವರೂ, 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಸ್ಥಾಪಿಸಿದವರೂ ಅವರೇ. ದೆಹಲಿಯ ಆ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿ, ನಂತರ ನಿರ್ದೇಶಕರಾಗಿ ಖುಸ್ರೋ ಅವರು ಕೆಲಸ ಮಾಡಿದರು.

1959ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ ಪಕ್ಷವು ಸಹಕಾರಿ ಬೇಸಾಯದ ನಿರ್ಣಯ ಕೈಗೊಂಡಾಗ ದೇಶದಲ್ಲಿ ದೊಡ್ಡ ವಾಗ್ವಾದ ಎದ್ದಿತು. ಹೊಲಗಳನ್ನೆಲ್ಲ ಒಟ್ಟುಗೂಡಿಸಬೇಕು ಎಂದು ಕೆಲವರು, ಕೂಡದು ಎಂದು ಕೆಲವರು. ಖುಸ್ರೋ ಅವರು ಎ. ಎನ್. ಅಗರವಾಲ್ ಅವರೊಡನೆ 1961ರಲ್ಲಿ ಈ ಸಮಸ್ಯೆಯ ಬಗ್ಗೆ ಗ್ರಂಥ ಬರೆದರು. ಘೋಷಣೆಗಳನ್ನು ಬದಿಗಿಟ್ಟು ಮೂರು ಅಳತೆಗೋಲು ಹಿಡಿದರು. ಒಂದು ಜೋಡಿ ಎತ್ತಿಗೆ ಪೂರ್ತಿ ಕೆಲಸ ಸಿಗಲು ಎಷ್ಟು ಹೊಲ ಬೇಕು? ಒಂದು ಕುಟುಂಬದ ದುಡಿಯುವ ಕೈಗಳಿಗೆ ಪೂರ್ತಿ ಕೆಲಸ ಸಿಗಲು ಎಷ್ಟು ಬೇಕು? ಆ ಕುಟುಂಬ ನೆಮ್ಮದಿಯಿಂದ ಉಣ್ಣುವಷ್ಟು ಆದಾಯ ಬರಲು ಎಷ್ಟು ಬೇಕು? ಉತ್ತರ ಕರ್ನಾಟಕದ ಹಿರಿಯರು ಹೊಲವನ್ನು ಕೂರಿಗೆಯ ಲೆಕ್ಕದಲ್ಲಿ ಹೇಳುತ್ತಿದ್ದುದನ್ನು ಕೇಳಿದವರಿಗೆ ಈ ವಿಚಾರ ಹೊಸದೆನಿಸದು. ರೈತನ ಅನುಭವವನ್ನೇ ಅವರು ಶಾಸ್ತ್ರದ ಭಾಷೆಗೆ ತಂದರು. ಈ ಅಳತೆಗಿಂತ ಕಡಿಮೆ ಹೊಲವುಳ್ಳವನಿಗೆ ಒಬ್ಬರೊಡನೊಬ್ಬರು ಕೂಡುವುದರಿಂದ ಲಾಭವಿದೆ. ಅದಕ್ಕಿಂತ ಹೆಚ್ಚಿನ ಹೊಲವುಳ್ಳವನಿಗೆ ಅಷ್ಟು ಲಾಭವಿಲ್ಲ.

ಅದೇ ದಶಕದಲ್ಲಿ ಇನ್ನೊಂದು ಚರ್ಚೆ ನಡೆಯಿತು. ಸಣ್ಣ ಹೊಲದಲ್ಲಿ ಎಕರೆಗೆ ಬರುವ ಇಳುವರಿ ದೊಡ್ಡ ಹೊಲಕ್ಕಿಂತ ಹೆಚ್ಚು ಎಂದು 1950ರ ದಶಕದ ಸರ್ಕಾರಿ ಸಮೀಕ್ಷೆಗಳು ತೋರಿಸುತ್ತಿದ್ದವು. ಅಮರ್ತ್ಯ ಸೇನ್ ಅವರು 1962ರಲ್ಲಿ ಇದರತ್ತ ಎಲ್ಲರ ಗಮನ ಸೆಳೆದರು. ಖುಸ್ರೋ ಅವರು 1964ರಲ್ಲಿ ಒಂದು ಎಚ್ಚರಿಕೆ ಕೊಟ್ಟರು. ಎಲ್ಲ ಎಕರೆಗಳೂ ಒಂದೇ ಅಲ್ಲ. ಫಲವತ್ತಾದ ನೆಲದಲ್ಲಿ ಜನ ದಟ್ಟವಾಗಿ ನೆಲೆಸುತ್ತಾರೆ, ಅಲ್ಲಿ ಹೊಲಗಳು ಬೇಗ ತುಂಡಾಗುತ್ತವೆ. ಆದ್ದರಿಂದ ಕಂದಾಯದ ದರವನ್ನು ನೆಲದ ಗುಣದ ಅಳತೆಯಾಗಿ ಹಿಡಿದು ಲೆಕ್ಕ ಸರಿಪಡಿಸಿದಾಗ ಆ ಅಂತರ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ ಎಂದರು. ಎರೆಭೂಮಿಯ ಎಕರೆಯನ್ನೂ ಮರಡಿಯ ಎಕರೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ನಮ್ಮ ರೈತರಿಗೆ ಗೊತ್ತೇ ಇದೆ. ಆ ಚರ್ಚೆ ಅರ್ಥಶಾಸ್ತ್ರಜ್ಞರ ನಡುವೆ ಬಹುಕಾಲ ಮುಂದುವರಿಯಿತು. ಇತ್ತ ಹೊಲಗಳು ಕಿರಿದಾಗುತ್ತಲೇ ಹೋದವು. 1970-71ರ ಕೃಷಿ ಗಣತಿಯಲ್ಲಿ ದೇಶದ ಸರಾಸರಿ ಹಿಡುವಳಿ 2.28 ಹೆಕ್ಟೇರ್ ಇದ್ದದ್ದು 2015-16ರಲ್ಲಿ 1.08 ಹೆಕ್ಟೇರಿಗೆ ಇಳಿದಿತ್ತು.

1973ರಲ್ಲಿ ಅವರ ಎರಡು ಗ್ರಂಥಗಳು ಬಂದವು. ಒಂದು ಭೂ ಸುಧಾರಣೆ ಮತ್ತು ಹಿಡುವಳಿಯ ಗಾತ್ರ ಕುರಿತದ್ದು, ಇನ್ನೊಂದು ಆಹಾರ ಧಾನ್ಯದ ದಾಸ್ತಾನು ಕುರಿತದ್ದು. ಸುಗ್ಗಿ ಚೆನ್ನಾದ ವರ್ಷ ಸರ್ಕಾರ ಧಾನ್ಯ ಕೊಂಡು ಇಟ್ಟರೆ ರೈತನಿಗೆ ಬೆಲೆ ಕುಸಿಯದು. ಬರ ಬಿದ್ದ ವರ್ಷ ಅದನ್ನೇ ಹೊರಗೆ ಬಿಟ್ಟರೆ ಕೊಳ್ಳುವ ಬಡವನಿಗೆ ಬೆಲೆ ಏರದು. ಆದರೆ ಎಷ್ಟು ಇಡಬೇಕು? ಕಡಿಮೆಯಾದರೆ ಹಸಿವು, ಹೆಚ್ಚಾದರೆ ಇಲಿ ಹೆಗ್ಗಣಗಳ ಪಾಲು. 1972-73ರ ಭೀಕರ ಬರವನ್ನು ದೇಶ ಅನುಭವಿಸುತ್ತಿದ್ದಾಗ ಇದು ಪುಸ್ತಕದ ಬದನೆಕಾಯಿಯಾಗಿರಲಿಲ್ಲ.

ಅಲಿಗಢದಿಂದ ಗ್ರಾಮೀಣ ಬ್ಯಾಂಕಿನವರೆಗೆ

1974ರಿಂದ 1979ರವರೆಗೆ ಅವರು ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ತುರ್ತು ಪರಿಸ್ಥಿತಿಯ ದಿನಗಳೂ, ವಿಶ್ವವಿದ್ಯಾಲಯದ ಅಲ್ಪಸಂಖ್ಯಾತ ಸ್ವರೂಪದ ಬಗ್ಗೆ ಚಳವಳಿ ನಡೆಯುತ್ತಿದ್ದ ದಿನಗಳೂ ಅವೇ. ಆ ಬಳಿಕ ಯೋಜನಾ ಆಯೋಗದ ಸದಸ್ಯತ್ವ, ಪಶ್ಚಿಮ ಜರ್ಮನಿಯಲ್ಲಿ ರಾಯಭಾರಿ ಸ್ಥಾನ ಬಂದವು. ಮುಂದೆ ಒಂದು ಆರ್ಥಿಕ ದಿನಪತ್ರಿಕೆಯ ಸಂಪಾದಕರಾಗಿಯೂ ಇದ್ದರು.

ಹಳ್ಳಿಯ ಲೆಕ್ಕ ಮಾತ್ರ ಅವರನ್ನು ಬಿಡಲಿಲ್ಲ. 1986ರಲ್ಲಿ ರಿಸರ್ವ್ ಬ್ಯಾಂಕು ಕೃಷಿ ಸಾಲ ವ್ಯವಸ್ಥೆಯ ಪರಿಶೀಲನೆಗೆ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಖುಸ್ರೋ ಸಮಿತಿ ಎಂದೇ ಪ್ರಸಿದ್ಧವಾದ ಅದು 1989ರಲ್ಲಿ ವರದಿ ಕೊಟ್ಟಿತು. 1975ರ ಅಕ್ಟೋಬರ್ 2ರಂದು ಶುರುವಾದ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳು ಆ ಹೊತ್ತಿಗೆ 196 ಆಗಿದ್ದವು. ಬಡವರಿಗೆ ಮಾತ್ರ ಕಡಿಮೆ ಬಡ್ಡಿಯ ಸಾಲ ಕೊಟ್ಟು, ಬಾಕಿ ವಸೂಲಾಗದೆ, ಬಹಳಷ್ಟು ನಷ್ಟದಲ್ಲಿದ್ದವು. ಅವುಗಳನ್ನು ಆಯಾ ಪ್ರಾಯೋಜಕ ಬ್ಯಾಂಕಿನಲ್ಲೇ ವಿಲೀನಗೊಳಿಸಬೇಕೆಂದು ಸಮಿತಿ ಹೇಳಿತು. ಈ ಸಲಹೆಯನ್ನು ಸರ್ಕಾರ ಹಾಗೆಯೇ ಒಪ್ಪಲಿಲ್ಲ. 1990ರಲ್ಲಿ ಹತ್ತು ಸಾವಿರ ರೂಪಾಯಿವರೆಗಿನ ಕೃಷಿ ಸಾಲ ಮನ್ನಾ ಆಯಿತು. 2005ರ ನಂತರ ಗ್ರಾಮೀಣ ಬ್ಯಾಂಕುಗಳು ತಮ್ಮತಮ್ಮಲ್ಲೇ ಒಂದಾಗತೊಡಗಿದವು. ನಮ್ಮ ರಾಜ್ಯದಲ್ಲಿ 2025ರ ಮೇ 1ರಂದು ಉಳಿದ ಎರಡೂ ಸೇರಿ, ಬಳ್ಳಾರಿಯಲ್ಲಿ ಕೇಂದ್ರ ಕಚೇರಿಯುಳ್ಳ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ದಾರಿ ಬೇರೆಯಾದರೂ, ಚಿಕ್ಕ ಚಿಕ್ಕ ಬ್ಯಾಂಕುಗಳು ತಮ್ಮ ಕಾಲ ಮೇಲೆ ನಿಲ್ಲಲಾರವು ಎಂಬ ಅವರ ಮಾತು ಸುಳ್ಳಾಗಲಿಲ್ಲ.

ಕೊನೆಯ ದೊಡ್ಡ ಹೊಣೆ

1998ರಲ್ಲಿ ಅವರು ಹನ್ನೊಂದನೆಯ ಹಣಕಾಸು ಆಯೋಗದ ಅಧ್ಯಕ್ಷರಾದರು. ಕೇಂದ್ರ ವಸೂಲು ಮಾಡುವ ತೆರಿಗೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಎಂದು ಗೊತ್ತುಮಾಡುವ ಸಂವಿಧಾನಬದ್ಧ ಹೊಣೆ ಅದು. 2000ದಲ್ಲಿ ಕೊಟ್ಟ ವರದಿಯಲ್ಲಿ ತೆರಿಗೆಯ 29.5 ಪ್ರತಿಶತವನ್ನು ರಾಜ್ಯಗಳಿಗೆ ಕೊಡಬೇಕೆಂದರು. ಹಂಚುವಾಗ, ತಲಾ ಆದಾಯದಲ್ಲಿ ಹಿಂದುಳಿದ ರಾಜ್ಯಕ್ಕೆ ಹೆಚ್ಚು ಎಂಬ ಅಂಶಕ್ಕೆ 62.5 ಪ್ರತಿಶತ ತೂಕ ಕೊಟ್ಟರು. ಇದರಿಂದ ದಕ್ಷಿಣದ ರಾಜ್ಯಗಳಿಗೆ ಅಸಮಾಧಾನವಾಯಿತು. ಚೆನ್ನಾಗಿ ಆಡಳಿತ ನಡೆಸಿದವರಿಗೆ ಶಿಕ್ಷೆಯೇ ಎಂದು ಮುಖ್ಯಮಂತ್ರಿಗಳು ಕೇಳಿದರು. ಆ ಪ್ರಶ್ನೆಯಲ್ಲಿ ಹುರುಳಿಲ್ಲವೆನ್ನಲಾಗದು. ಹದಿನೈದನೆಯ ಆಯೋಗದ ಕಾಲದಲ್ಲಿ ಕರ್ನಾಟಕದ ಪಾಲು 4.713ರಿಂದ 3.647 ಪ್ರತಿಶತಕ್ಕೆ ಇಳಿದಾಗ ನಮ್ಮ ರಾಜ್ಯವೂ ಅದನ್ನೇ ಕೇಳಿತು. ಬಡ ರಾಜ್ಯದ ಹಸಿವು ದೊಡ್ಡದೋ, ದುಡಿದ ರಾಜ್ಯದ ಹಕ್ಕು ದೊಡ್ಡದೋ ಎಂಬ ತೂಗಾಟ ಸುಲಭವಾಗಿ ತೀರುವಂಥದಲ್ಲ.

ಅದೇ ವರದಿಯಲ್ಲಿ ಹೆಚ್ಚು ಜನ ಗಮನಿಸದ ಒಂದು ಸಂಗತಿಯಿದೆ. ಗ್ರಾಮ, ತಾಲೂಕು, ಜಿಲ್ಲಾ ಪಂಚಾಯತಿಗಳಿಗೆ ವರ್ಷಕ್ಕೆ 1,600 ಕೋಟಿ ರೂಪಾಯಿ, ನಗರ ಸಂಸ್ಥೆಗಳಿಗೆ 400 ಕೋಟಿ ರೂಪಾಯಿ ಅನುದಾನವನ್ನು ಅವರು ಸೂಚಿಸಿದರು. ಲೆಕ್ಕ ಬರೆಯುವ ಸಿಬ್ಬಂದಿ ಇಲ್ಲದ ಪಂಚಾಯತಿಗಳಿಗೆ ಅದಕ್ಕೆಂದೇ ವರ್ಷಕ್ಕೆ ಸರಾಸರಿ 4,000 ರೂಪಾಯಿ ತೆಗೆದಿಟ್ಟರು. ಪಂಚಾಯತಿಗಳ ಹಣಕಾಸಿನ ಮಾಹಿತಿ ಸಂಗ್ರಹಕ್ಕೆ 200 ಕೋಟಿ ರೂಪಾಯಿ ಇಟ್ಟರು. ಸಾವಿರಾರು ಕೋಟಿಗಳ ವರದಿಯಲ್ಲಿ ಹಳ್ಳಿಯ ಲೆಕ್ಕದ ಪುಸ್ತಕಕ್ಕೆಂದು ನಾಲ್ಕು ಸಾವಿರ ನೆನಪಿಟ್ಟದ್ದು ನೋಡಿ! ಲೆಕ್ಕವಿಲ್ಲದ ಕಡೆ ಬಡವನ ಪಾಲು ಮೊದಲು ಕಾಣೆಯಾಗುತ್ತದೆ ಎಂಬುದನ್ನು ಅವರು ನಲವತ್ತು ವರ್ಷ ಹಿಂದೆಯೇ ಕಂಡವರಲ್ಲವೇ?

ವಿದ್ಯಾರ್ಥಿ ಮಿತ್ರರೇ, ನಮ್ಮಲ್ಲಿ ಹತ್ತನೆಯ ತರಗತಿ ಮುಗಿದೊಡನೆ ಮನೆಯವರು ಡಾಕ್ಟರೋ ಎಂಜಿನಿಯರೋ ಎಂದು ಕೇಳುತ್ತಾರೆ. ಅವೂ ಬೇಕು. ಆದರೆ ಊರಿನ ಹೊಲ, ಸಾಲ, ಧಾನ್ಯ, ಕೂಲಿಗಳ ಲೆಕ್ಕವನ್ನು ಅಂಜದೆ ಬರೆಯುವವರೂ ಬೇಕು. ಅರ್ಥಶಾಸ್ತ್ರವನ್ನು ಕಲಾ ವಿಭಾಗದ ಬೇಸರದ ವಿಷಯವೆಂದು ತಳ್ಳಬೇಡಿ. ನಿಮ್ಮ ಅಜ್ಜನ ಕಾಲದ ಪಹಣಿ ಮನೆಯಲ್ಲಿದ್ದರೆ ಒಮ್ಮೆ ಬಿಡಿಸಿ ಓದಿ. ಉರ್ದುವಿನಲ್ಲಿದ್ದರೆ ತಿಳಿದವರಿಂದ ಓದಿಸಿ. ಸಾಗುವಳಿದಾರನ ಕಲಮಿನಲ್ಲಿ ಯಾರ ಹೆಸರಿತ್ತು, ಯಾವ ವರ್ಷ ಆ ಹೆಸರು ಹೋಯಿತು, ಯಾವ ಕಾರಣ ಬರೆದಿದ್ದಾರೆ, ಹಿರಿಯರನ್ನು ಕೇಳಿ ತಿಳಿಯಿರಿ. ಅಲ್ಲಿ 'ಸ್ವಂತ ಇಚ್ಛೆಯಿಂದ' ಎಂದಿದ್ದರೆ, ಅದು ಯಾರ ಇಚ್ಛೆಯಾಗಿತ್ತು ಎಂದೂ ಕೇಳಿ.